ಮಾಸ್ಕಿನ ತೂತಿಗೆ ಪಂಚರ್ ಪ್ಯಾಚ್

ಸಿಂದಗಿ
೬ ಜನವರಿ ೨೦೨೫

ಜೈನುದ್ದೀನ,

ಸಲಾಂ. ಕೈಬರಹ ನೋಡಿ ಹರದು ಒಗೀಬ್ಯಾಡ. ಮೊದಲ ಪೂರ್ತಿ ಓದು, ಆಮ್ಯಾಲ ಬೇಕಾದ್ರ ಒಗಿ. ನಾಕನೇತ್ತಕ್ಕ ಸಾಲಿ ಬಿಟ್ಟಾಂವ ನಾ, ಇಷ್ಟು ಬರಿಯಾಕ ಎರಡು ದಿನಾ ಹಿಡದೈತಿ.

ಕೆಲಸದ ಮಾತು ಹೇಳ್ತೇನಿ. ದಸರಾದ ಹೊತ್ತಿಗೆ ವಿಜಯಪುರದ ಡಾಕ್ಟರ ನನಗೊಂದು ಮಷೀನ ಬರದುಕೊಟ್ಟ. ನಿದ್ದ್ಯಾಗ ನನ್ನ ಉಸಿರು ನಿಲ್ಲತೈತಂತ. ತಾಸಿಗೆ ನಲವತ್ತೊಂದು ಸಲ. ಮೈತುಂಬ ವೈರು ಹಚ್ಚಿ ಮಲಗಿಸಿ ಎಣಿಸ್ಯಾರ. ಮಷೀನ ಗಾಳಿ ಒತ್ತತೈತಿ, ಪೈಪಿನ ತುದಿಗೆ ಮಾಸ್ಕ, ಅದು ಮೂಗು ಬಾಯಿ ಎರಡೂ ಮುಚ್ಚತೈತಿ, ತಲಿ ಹಿಂದ ಪಟ್ಟಿ. ರಾಶಿ ತುಳಿಯೂ ಎತ್ತಿನ ಬಾಯಿಗೆ ಕುಕ್ಕಿ ಕಟ್ಟಿದಂಗ. ಮಲಗಿದೆ ಅಂದ್ರ ಮುಂಜಾನಿ ತನಕ ಒಂದ ಮಾತಿಲ್ಲ.

ಮೂರು ತಿಂಗಳಾಗಿಲ್ಲ, ಮಾಸ್ಕಿನ ಅಂಚಿನ ಮೆತ್ತನ ರಬ್ಬರ ಹಾಳಾತು. ಗಾಳಿ ಎಲ್ಲಾ ಕಣ್ಣಿಗೆ ಹೊಡೀತೈತಿ. ಮಾರಿದಾಂವ ‘ಅದನ್ನ ಬದಲಿ ಮಾಡ್ಕೋತ ಇರಬೇಕ್ರಿ ಕಾಕಾ’ ಅಂತಾನ. ಟಾಯರೂ ಎರಡು ವರ್ಷ ಬರತೈತಿ, ಇದೇನಿದು? ಮಾಸ್ಕಿನ ಮುಂದ ಸಣ್ಣ ಸಣ್ಣ ತೂತನೂ ಅದಾವ, ಅಲ್ಲಿಂದನೂ ಸುಂಯ್ ಅಂತ ಗಾಳಿ ಹೋಗ್ತಿತ್ತು. ಅದಕ್ಕ ನಾನ ಸೊಲ್ಯೂಶನ್ ಹಚ್ಚಿ ಪಂಚರ್ ಪ್ಯಾಚ್ ಕೂಡಿಸೇನಿ. ಆದ್ರೂ ಅಂಚಿಂದು ನಿಲ್ಲವಲ್ದು. ಹಳೀ ರಬ್ಬರ ಇದರ ಸಂಗಾಟ ಕಳಿಸೇನಿ, ಸದ್ಯಕ್ಕ ಅಂಚಿಗೆ ಬಟ್ಟಿ ಸುತ್ತಿ ಹಾಕ್ಕೋತೇನಿ. ಏನಾದ್ರೂ ಮಾಡಾಕ ಬರತೈತೇನು ನೋಡು.

ಫೋನ ಮಾಡಬಹುದಿತ್ತು. ನನ್ನ ನಂಬರ ನೀ ಬಂದ್ ಮಾಡಿದಿ. ಮ್ಯಾಲ ಈ ಮನ್ಯಾಗ ನಿನ್ನ ಹೆಸರು ತಗಿಯೂ ಹಂಗಿಲ್ಲ, ನನ್ನ ಹೇಣ್ತಿ ಸುಗ್ರಾನ ಕಿವಿ ನಿನಗ ಗೊತ್ತೈತಿ. ಮುಳವಾಡದ ಹತ್ರ ಕಾಲುವ್ಯಾಗ ನಾ ಹೊಡೀತಿದ್ದ ಟೆಂಪೋ ಬಿದ್ದು ಬರೂ ತಿಂಗಳಿಗೆ ನಾಕು ವರ್ಷ. ಅಕಿ ಸೊಂಟ ಮುರೀತು, ಇನ್ನೂ ಬಡಗಿ ಊರಕೋತ ನಡೀತಾಳ. ನಾ ಬ್ರೇಕ್ ಹೋತು ಅಂದೆ. ಹಿಂದಿನ ದಿನಾ ಬ್ರೇಕ್ ಮಾಡಿ ಕೊಟ್ಟಾಂವ ನೀ. ಊರು ನನ್ನ ಮಾತು ನಂಬಿತು, ನೀ ಗ್ಯಾರೇಜ ಮುಚ್ಚಿ ಮುದ್ದೇಬಿಹಾಳಕ್ಕ ಹ್ವಾದಿ. ಅದರ ಮಾತು ನನಗ ಬ್ಯಾಡ. ರಬ್ಬರಿನ ಮಾತಷ್ಟ ಹೇಳು.

ಇಷ್ಟ.
ಬಂದೇನವಾಜ

*

ಮುದ್ದೇಬಿಹಾಳ
೯ ಜನವರಿ

ಬಂದೇನವಾಜ ಅವರಿಗೆ,

ಟಪಾಲಿನ್ಯಾಗ ತಡಾ ಆಗತೈತಿ ಅಂತ ಈ ಚೀಟಿ ಸಿಂದಗಿ ಬಸ್ಸಿನ ಕಂಡಕ್ಟರ ಕೈಯಾಗ ಕೊಟ್ಟೇನಿ. ಓದಿದ ಕೂಡಲೆ ಆ ಪಂಚರ್ ಪ್ಯಾಚ್ ಕಿತ್ತು ಒಗೀರಿ. ಇವತ್ತ. ಆ ಮಾಸ್ಕನ ಇನ್ನ ಹಾಕ್ಕೋಬ್ಯಾಡ್ರಿ, ಸೊಲ್ಯೂಶನ್ ವಾಸನಿ ಹೋಗೂದಿಲ್ಲ. ಹೊಸಾದು ತರಸ್ರಿ.

ಅವು ಲೀಕ್ ತೂತಲ್ಲ. ನೀವು ಬಿಟ್ಟ ಉಸಿರು ಹೊರಗ ಹೋಗಾಕ ಮಾಡಿದ ತೂತು. ಗೇರ್‌ಬಾಕ್ಸಿಗೆ ಗಾಳಿ ಬಿಡೂ ಬ್ರೀದರ್ ಇರತೈತಲ್ರಿ, ಅದು ಮುಚ್ಚಿದ್ರ ಸೀಲ್ ಹಾರತೈತಿ. ನೀವು ಮುಚ್ಚಿದ್ದು ನಿಮ್ಮ ಬ್ರೀದರ್. ಬಿಟ್ಟ ಉಸಿರನ್ನ ಮತ್ತ ಮತ್ತ ಕುಡ್ಯಾಕತ್ತೀರಿ. ಮುಂಜಾನಿ ತಲಿ ಸಿಡೀತಿರಬೇಕು. ನಲವತ್ತು ವರ್ಷ ಗಾಡಿ ಹೊಡದು ಇಷ್ಟು ತಿಳೀಲಿಲ್ಲೇನು?

ರಬ್ಬರ ನೋಡಿದೆ. ಎಣ್ಣಿ ಹಚ್ಚೀರಿ. ಕೊಬ್ಬರಿ ಎಣ್ಣಿ, ವಾಸನಿ ಬರತೈತಿ. ಮೂಗಿನ ಮ್ಯಾಲ ಗಾಯ ಆತಂತ ಹಚ್ಚಿರಬೇಕು. ಉಬ್ಬಿ ಅಂಚು ಸೊಟ್ಟ ಆಗೈತಿ. ಇದಕ್ಕ ನನ್ನ ಕಡೆ ಔಷಧ ಇಲ್ಲ. ಹೊಸಾದು ಬಂದ ಮ್ಯಾಲ ದಿನಾ ಮುಂಜಾನಿ ತೆಳ್ಳನ ಸಾಬಾನ ನೀರಾಗ ತೊಳದು ನೆರಳಾಗ ಆರಸ್ರಿ, ಬಿಸಿಲಾಗ ಅಲ್ಲ. ಪೈಪು ವಾರಕ್ಕೊಮ್ಮೆ. ಮಷೀನಿನ ನೀರಿನ ಡಬ್ಬಿಗೆ ಬೋರಿನ ನೀರು ಹಾಕಬ್ಯಾಡ್ರಿ, ಉಪ್ಪು ಕಟ್ಟತೈತಿ. ಡ್ರೈವರ ಬುದ್ಧಿಲೆ ಪೆಟ್ರೋಲ ಪಂಪಿಂದ ಬ್ಯಾಟರಿ ನೀರು ತಂದಿದ್ರ ಅದನ್ನೂ ಚೆಲ್ರಿ, ಆಸಿಡ್ ಕ್ಯಾನಿನ ಬಾಜೂಕ ಇಟ್ಟಿರತಾರ. ಔಷಧ ಅಂಗಡ್ಯಾಗ ಡಿಸ್ಟಿಲ್ಡ್ ನೀರು ಕೇಳ್ರಿ.

ನೀವು ಒಂದು ಕೇಳಿದ್ರಿ, ನಾನೂ ಒಂದು ಹೇಳ್ತೇನಿ. ಇಲ್ಲಿ ಒಂದು ಸಾಲಿಗೆ ಮೂರು ಬಸ್ಸು ಅದಾವ. ಅವುಗಳ ರಿಪೇರಿ ಕೆಲಸ ಕೇಳೇನಿ. ಸಾಲಿ ಕಮಿಟಿಯ ಮಹಮ್ಮದಹನೀಫ ಅವರು ನನ್ನ ಬಗ್ಗೆ ಸಿಂದಗ್ಯಾಗ ವಿಚಾರಿಸಿ ಆಮ್ಯಾಲ ಹೇಳ್ತೀನಿ ಅಂದಾರ. ನಾಕು ವರ್ಷ ಆತು, ಯಾರೂ ನನ್ನ ಕೈಯಾಗ ಬ್ರೇಕ್ ಕೊಟ್ಟಿಲ್ಲ. ಪಂಪಸೆಟ್ ಮಾಡ್ತೇನಿ, ಸೈಕಲ್ ಮಾಡ್ತೇನಿ. ಹನೀಫರು ನಿಮ್ಮ ಬಾಗಲಕ್ಕೂ ಬರತಾರ. ನೀವು ಏನ ಹೇಳ್ತೀರೋ ಅದರ ಮ್ಯಾಲ ನನ್ನ ಕೆಲಸ ನಿಂತೈತಿ.

ಜೈನುದ್ದೀನ, ಮೆಕ್ಯಾನಿಕ್

*

ಸಿಂದಗಿ
೨ ಫೆಬ್ರುವರಿ

ಜೈನುದ್ದೀನ,

ನನಗ ‘ರಿ’ ಹಚ್ಚಬ್ಯಾಡ. ನನ್ನ ಹಳೀ ಲುಂಗಿ ಉಟಗೊಂಡು ಗಾಡಿ ತಳಗ ಮಲಗತಿದ್ದಾಂವ ನೀ, ಈಗ ಮಾಮಲೇದಾರಗ ಬರದಂಗ ಬರೀತಿ.

ಪ್ಯಾಚ್ ಕಿತ್ತೆ. ಹೊಸಾ ಮಾಸ್ಕ ಬಂತು. ತಲಿಶೂಲಿ ಹೋತು. ಬ್ಯಾಟರಿ ನೀರು ಚೆಲ್ಲಿದೆ, ಅದು ನಿನಗ ಹ್ಯಾಂಗ ಗೊತ್ತಾತೋ! ಉಪಕಾರ ಆತು ಅಂತ ಬರಿಯೂದಿಲ್ಲ.

ಆದ್ರ ಕೇಳು. ಪಟ್ಟಿಯ ಕ್ಲಿಪ್ಪು ತಲಿ ಹಿಂದ ಐತಿ, ನನ್ನ ಹೆಗಲು ಹಿಡದೈತಿ, ಕೈ ಅಲ್ಲಿ ತನಕ ಹೋಗೂದಿಲ್ಲ. ದಿನಾ ಸುಗ್ರಾನ ಹಾಕ್ತಾಳ. ಮುಂಜಾನಿ ತೊಳಿಯಾಕಿನೂ ಅಕಿನ. ಬಡಗಿ ಗ್ವಾಡಿಗೆ ಆನಿಸಿ, ಒಂದು ಕೈ ಮಂಚಕ್ಕ ಹಿಡದು ಕುಂದರತಾಳ. ಕುಂದರೂ ಮುಂದ ಸೊಂಟ ಎಳೀತೈತಿ. ಎಳದಾಗೊಮ್ಮೆ ನಿನ್ನ ಹೆಸರು. ‘ಆ ಜೈನುದ್ದೀನನ ಕೈಗೆ ಹುಳಾ ಬೀಳ್ಲಿ, ಅವನ ನಟ್ಟು ಬಿಚ್ಚೂ ಪಾನಾ ಅವನ ಕಾಲಿಗೇ ಬೀಳ್ಲಿ.’ ಅನ್ಕೋತ ಪಟ್ಟಿ ಬಿಗೀತಾಳ, ‘ಬಿಗಿ ಆತೇನ್ರಿ?’ ಅಂತಾಳ. ಬಾಯಿ ಮುಚ್ಚಿರತೈತಿ. ನಾ ಗೋಣ ಹಾಕ್ತೇನಿ. ಅಕಿ ಬೈಗಳಿಗೂ ಗೋಣ ಹಾಕಿದಂಗ ಆಗತೈತಿ.

ಯಾವಾಗಿಂದ ಈ ನಿದ್ದಿ ರೋಗ ಅಂತ ನೀ ಕೇಳಿಲ್ಲ, ಕೇಳ್ತಿ ಅಂತ ಗೊತ್ತೈತಿ. ಡಾಕ್ಟರ ಕೇಳಿದ್ದ. ‘ಗಾಡಿ ಹೊಡೀವಾಗ ಎಂದಾದ್ರೂ ಕಣ್ಣು ಮುಚ್ಚಿತ್ತೇನ್ರಿ?’ ನಾ ಬಾಯಿ ತಗಿಯೂದ್ರಾಗ ಸುಗ್ರಾ ಹೇಳಿದಳು, ‘ನಲವತ್ತು ವರ್ಷ ಹೊಡದಾರ್ರಿ, ಒಂದು ಗೀರಿಲ್ಲ. ಒಂದ ಸಲ ಮೆಕ್ಯಾನಿಕ್ ಹಾಳ ಮಾಡಿದ.’ ಡಾಕ್ಟರ ಬರಕೊಂಡ.

ವಯಸ್ಸಾದ ಮ್ಯಾಲ ಬಂದಿರಬೇಕು ಈ ರೋಗ.

ಬಂದೇನವಾಜ

*

ಮುದ್ದೇಬಿಹಾಳ
೧೩ ಫೆಬ್ರುವರಿ

ಬಂದೇನವಾಜ,

‘ರಿ’ ತಗದೇನಿ.

ಡಾಕ್ಟರಗ ಸುಗ್ರಾ ಏನ ಹೇಳಿದಳು ಅಂತ ಬರದಿ. ನೀ ಏನ ಹೇಳಿದಿ ಬರದಿಲ್ಲ.

ನಾನೂ ಒಂದು ಮಾತು ನಾಕು ವರ್ಷ ಯಾರಿಗೂ ಹೇಳಿಲ್ಲ. ಟೆಂಪೋ ಬಿದ್ದ ಮರುದಿನಾ ಸೈಕಲ್ ಮೋಟರ್ ತೊಗೊಂಡು ಮುಳವಾಡಕ್ಕ ಹೋಗಿದ್ದೆ. ನನ್ನ ಕೆಲಸ ತಪ್ಪಿತ್ತೇನು ನೋಡಬೇಕಾಗಿತ್ತು. ಬ್ರೇಕ್ ಪೈಪು ಕಡದಿತ್ತು, ಖರೆ. ಆದ್ರ ಕಲ್ಲಿಗೆ ಬಡದು ಕಡದಿತ್ತು, ತುದಿ ಚಪ್ಪಟಿ ಆಗಿತ್ತು. ಆಮ್ಯಾಲ ರಸ್ತೆ ಮ್ಯಾಲ ಹಿಂದಕ್ಕ ನಡದೆ. ಬ್ರೇಕ್ ಹೋದ ಮನಿಶಾ ಸುಮ್ಮನ ಕುಂದರೂದಿಲ್ಲ. ಪೆಡಲ್ ಒದೀತಾನ, ಗೇರ್ ಇಳಸ್ತಾನ, ಸ್ಟೇರಿಂಗ್ ಎಳೀತಾನ. ಅಲ್ಲಿ ಮಣ್ಣಾಗ ಗಾಲಿ ಗುರುತು ಸೀದಾ ಹೋಗಿತ್ತು, ನೂಲು ಹಿಡದಂಗ. ಎಲ್ಲ್ಯೂ ಹೊಳ್ಳಿಲ್ಲ.

ಅವತ್ತ ನಂಗ ತಿಳೀತು. ನೀ ಬಂದು ಹೇಳ್ತಿ ಅಂತ ಒಂದು ತಿಂಗಳು ಗ್ಯಾರೇಜ ತಗದ ಇಟ್ಟೆ. ಜಗಳ ಮಾಡಬಹುದಿತ್ತು. ಮುರದ ಸೊಂಟ ಮಂಚದ ಮ್ಯಾಲಿತ್ತು, ಅದರ ಮುಂದ ನನ್ನ ನ್ಯಾಯಾ ಸಣ್ಣದಾತು.

ಹನೀಫರು ರಮ್ಜಾನಿನ ಮೊದಲ ಸಿಂದಗಿಗೆ ಬರತಾರ.

ಮಾಸ್ಕಿನ ಪಟ್ಟಿ ಭಾಳ ಬಿಗೀಬ್ಯಾಡ. ಬಿಗದಷ್ಟೂ ಅಂಚು ಮಡಚಿ ಲೀಕ್ ಹೆಚ್ಚಾಗತೈತಿ. ಎರಡು ಬಟ್ಟು ಹೋಗುವಷ್ಟು ಸಡ್ಲ ಇರ್ಲಿ.

ಜೈನುದ್ದೀನ

*

ಸಿಂದಗಿ
೧ ಮಾರ್ಚ್

ಜೈನುದ್ದೀನ,

ಹನೀಫ ನಿನ್ನೆ ಬಂದಿದ್ದ. ಸುಗ್ರಾ ಚಹಾ ತಂದಳು. ಅಂವ ‘ಜೈನುದ್ದೀನನ ಕೆಲಸ ಹ್ಯಾಂಗ್ರಿ?’ ಅಂತ ನನ್ನ ಕಡೆ ನೋಡಿ ಕೇಳಿದ. ಸುಗ್ರಾ ನನ್ನ ಮುಂದ ಬಂದು ನಿಂತು, ಸೆರಗು ಸರಿಸಿ, ಬಡಗಿ ಎತ್ತಿ ತೋರಿಸಿದಳು. ‘ಇದ್ರಿ ಅವನ ಕೆಲಸ! ಮಕ್ಕಳ ಬಸ್ಸು ಅವನ ಕೈಯಾಗ ಕೊಟ್ಟು ನೀವು ದೋಜಖಿನ ಬೆಂಕಿಗೆ ಹೋಗಬ್ಯಾಡ್ರಿ.’ ಹನೀಫ ನನ್ನ ನೋಡಿದ. ಮಾಸ್ಕ ಇರಲಿಲ್ಲ ಮಾರಿ ಮ್ಯಾಲ. ಹಾಡಾ ಹಗಲು. ಆದ್ರೂ ‘ಚಹಾ ಆರತೈತ್ರಿ’ ಅಂದೆ. ಅಷ್ಟ ಅಂದೆ.

ಈಗ ನಿನಗರ ಬರೀತೇನಿ. ಅವತ್ತ ಬಾಗೇವಾಡ್ಯಾಗ ಸುಗ್ರಾನ ಅಣ್ಣನ ಮನ್ಯಾಗ ಉಂಡು ಬಿಟ್ಟಿದ್ದಿವಿ. ಮಧ್ಯಾಹ್ನ ಎರಡೂವರಿ ಹೊತ್ತು. ರಸ್ತೆ ನೆಟ್ಟಗ. ಅಕಿ ಏನೋ ಹೇಳಾಕತ್ತಿದ್ದಳು, ನಾ ಕೇಳಾಕತ್ತಿದ್ದೆ. ಆಮ್ಯಾಲ ಕೇಳಲಿಲ್ಲ. ಕಣ್ಣ ತಗದಾಗ ಕಾಲುವಿ ಒಳಗ ಇದ್ದಿವಿ. ಮಂದಿ ಓಡಿ ಬಂದ್ರು, ಯಾವನೋ ಒಬ್ಬ ‘ಬ್ರೇಕ್ ಹೋತೇನ್ ಕಾಕಾ?’ ಅಂದ. ನಾ ‘ಹೂಂ’ ಅಂದೆ. ಆ ಮಾತು ನಾ ಹುಟ್ಟಿಸಿದ್ದಲ್ಲ, ಅಂವ ಕೊಟ್ಟ, ನಾ ತೊಗೊಂಡೆ. ಒಂದ ಹೂಂ. ಅದನ್ನ ವಾಪಸ್ ಕೊಡೂದು ಹ್ಯಾಂಗಂತ ಯಾರೂ ಕಲಿಸಲಿಲ್ಲ.

ನಾ ನಿದ್ದಿ ಮಾಡಿದ್ದೆ, ಜೈನುದ್ದೀನ. ನಿನ್ನ ಬ್ರೇಕ್ ಸರಿ ಇತ್ತು.

ಸುಗ್ರಾಗ ಹ್ಯಾಂಗ ಹೇಳ್ಲಿ? ಅಕಿ ಸೊಂಟ ಮುರದ ಕೈ ಇದ, ಅಕಿ ದಿನಾ ಪಟ್ಟಿ ಕಟ್ಟಿ ಮಲಗಿಸೂದು ಇದ ಮಾರಿ. ಹೇಳಿದ್ರ ಅಕಿ ಹೋಗ್ತಾಳ. ಹೇಳಲಿಲ್ಲಂದ್ರ ನಿನ್ನ ಕೆಲಸ ಹೋಗತೈತಿ. ಎರಡೂ ಕಡೆ ಗ್ವಾಡಿ.

ಬಂದೇನವಾಜ

*

ಮುದ್ದೇಬಿಹಾಳ
೧೦ ಮಾರ್ಚ್

ಬಂದೇನವಾಜ,

ನಿನ್ನ ಪತ್ರ ವಾಪಸ್ ಕಳಿಸೇನಿ, ಈ ಪಾಕೀಟಿನ್ಯಾಗ ಐತಿ ನೋಡ್ಕೊ.

ಅದನ್ನ ಒಯ್ದು ಹನೀಫರ ಮುಂದ ಇಟ್ಟಿದ್ರ ಕೆಲಸ ಅವತ್ತ ಸಿಗತಿತ್ತು. ಕಿಸೆದಾಗ ಇಟಗೊಂಡು ಅವರ ಮನಿ ತನಕ ಹೋಗಿದ್ದೆ, ಖರೆ ಹೇಳ್ತೇನಿ. ಹೊಳ್ಳಿ ಬಂದೆ. ನಿನ್ನ ಸುಗ್ರಾ ಆ ಮಾತು ಊರಮಂದಿ ಬಾಯಿಲೆ ಕೇಳೂದು ನನಗ ಬ್ಯಾಡ.

ನನಗ ಹೇಳಿ ನಿನ್ನ ಎದಿ ಹಗುರ ಆಗಿರಬೇಕು. ನನಗೇನೂ ಆಗಲಿಲ್ಲ. ಮೊದಲ ಗೊತ್ತಿದ್ದ ಮಾತು. ನೀ ಸುಳ್ಳು ಹೇಳಿದ್ದು ನನಗಲ್ಲ. ಯಾರಿಗೆ ಹೇಳಿದಿ, ಅವರಿಗೆ ಹೋಗಿ ಹೇಳು. ಮನ್ಯಾಗ ಒಬ್ಬಾಕಿ, ಟೆಂಪೋ ಸ್ಟ್ಯಾಂಡಿನ್ಯಾಗ ಹನ್ನೆರಡು ಮಂದಿ.

ಹೇಳೂ ತನಕ ನನಗ ಬರೀಬ್ಯಾಡ. ಮಾಸ್ಕಿನ ವಿಷಯಾನೂ ಬ್ಯಾಡ.

ಜೈನುದ್ದೀನ

*

ಸಿಂದಗಿ
೭ ಏಪ್ರಿಲ್

ಜೈನುದ್ದೀನ,

ಹೇಳೇನಿ, ಅದಕ್ಕ ಬರೀತೇನಿ.

ಈದ್ ಆದ ಮರುದಿನಾ ಮುಂಜಾನಿ ಸುಗ್ರಾ ಬೋಗೋಣ್ಯಾಗ ಮಾಸ್ಕ ತೊಳ್ಯಾಕತ್ತಿದ್ದಳು. ಹಿಂದ ನಿಂತು ಹೇಳಿದೆ. ಎದುರಿಗೆ ನಿಂತು ಹೇಳೂ ಧೈರ್ಯ ಆಗಲಿಲ್ಲ. ಅಕಿ ತೊಳಿಯೂದು ಬಿಡಲಿಲ್ಲ. ರಬ್ಬರ ತೊಳದಳು, ಪಟ್ಟಿ ಹಿಂಡಿದಳು, ನೆರಳಾಗ ಹಾಕಿದಳು. ಆಮ್ಯಾಲ ಹೊಳ್ಳಿ ಅಂದಳು, ‘ಸೊಂಟ ಮುರದಿ, ಮುರಿ. ನಾಕು ವರ್ಷ ಏನೂ ತಪ್ಪಿಲ್ಲದ ಒಬ್ಬ ಬೇಗುನಾಹ ಮನಿಶಾನ್ನ ನನ್ನ ಬಾಯಿಲೆ ಬೈಸಿದಿ. ರೋಜಾದ ಉಪವಾಸ ಹಿಡದು ಬೈದೇನಿ. ನನ್ನ ಬಾಯಿ ಹೊಲಸ ಮಾಡಿದಿ.’ ನಲವತ್ತೈದು ವರ್ಷದಾಗ ಅಕಿ ನನಗ ಮೊದಲ ಸಲ ‘ನೀ’ ಅಂದದ್ದು. ಮಧ್ಯಾಹ್ನದ ಬಸ್ಸಿಗೆ ಇಂಡಿಗೆ ತಂಗಿ ಮನಿಗೆ ಹ್ವಾದಳು.

ನಿಮ್ಮ ಊರಿಗೆ ಬಂದು ಹನೀಫಗ ಹೇಳಿದೆ. ನಿನ್ನ ಓಣಿ ಕಡೆ ಬರಲಿಲ್ಲ. ಅಂವ ಏನಂದ ಗೊತ್ತೈತೇನು? ‘ದೊಡ್ಡ ಮನಸ್ಸು ನಿಮ್ಮದು. ದೋಸ್ತನ ಸಲುವಾಗಿ ತಪ್ಪು ಮೈಮ್ಯಾಲ ಹಾಕ್ಕೊಳ್ಳಾಕತ್ತೀರಿ. ನಿಮ್ಮ ಹೇಣ್ತಿ ಹೇಳಿದ್ದು ನಾ ಕೇಳೇನಲ್ರಿ.’ ನನ್ನ ಕೈ ಹಿಡದು ಕಣ್ಣಿಗೆ ಒತ್ಕೊಂಡ! ಕಪಾಳಕ್ಕ ಹೊಡದಿದ್ರ ಬೇಸಿತ್ತು.

ಇಲ್ಲಿ ಸ್ಟ್ಯಾಂಡಿನ್ಯಾಗ ಹೇಳಿದೆ. ನಿನ್ನ ಹೆಸರು ಎಲ್ಲಾರಿಗಿಂತ ಹೆಚ್ಚು ಕೆಡಿಸಿದಾಂವ ಮಾಳಿಂಗ, ಅಂವ ನಕ್ಕ. ‘ಕಾಕಾ, ಜೈನುದ್ದೀನ ಬಂದು ಅತ್ತನೇನು? ನೀವು ನಿದ್ದಿ ಮಾಡೂ ಮನಿಶಾ ಅಲ್ಲ ಬಿಡ್ರಿ. ಗೋವಾ ತನಕ ಒಂದ ದಮ್ಮಿಗೆ ಹೊಡದೀರಿ.’ ಇನ್ನೊಬ್ಬ ಚಹಾ ಕುಡಿಸಿದ. ನಾ ಒದರಿದೆ, ಬೈದೆ, ನಿಮ್ಮವ್ವನ ಅಂದೆ. ಬೈದಷ್ಟೂ ‘ಹಿರಿ ಜೀವ’ ಅಂದ್ರು. ಸುಳ್ಳಿಗೆ ಒಂದು ಹೂಂ ಸಾಕಾತು, ಖರೇಕ್ಕ ಎಷ್ಟು ಒದರಬೇಕೋ ತಿಳೀವಲ್ದು.

ಮಾಸ್ಕ ಗೂಟಕ್ಕ ಐತಿ. ಹಾಕಾಕ ಯಾರಿಲ್ಲ.

ಬಂದೇನವಾಜ

*

ಸಿಂದಗಿ
೧೫ ಏಪ್ರಿಲ್

ಜೈನುದ್ದೀನ,

ಬೈ, ಆದ್ರ ಪೂರ್ತಿ ಓದಿ ಬೈ.

ಓಣ್ಯಾಗ ಯಾರನರ ಕರದು ಮಾಸ್ಕ ಹಾಕಿಸ್ಕೋಬಹುದಿತ್ತು. ಹಾಕಿಸ್ಕೊಳ್ಳಲಿಲ್ಲ. ಬೇಕಂತಲೇ. ಸುಗ್ರಾ ಹ್ವಾದಾಗಿಂದ ಹದಿಮೂರು ದಿನಾ ಹಂಗ ಮಲಗಿದೆ. ಮಾಸ್ಕ ಇಲ್ಲದ ಮನಿಶಾ ಹಗಲ್ಹೊತ್ತು ಏನಾಗ್ತಾನ ಅಂತ ನಂಗಿಂತ ಚಲೋ ಯಾರಿಗೆ ಗೊತ್ತು.

ನಿನ್ನೆ ಉಂಡು, ಎರಡರ ಸುಮಾರಿಗೆ ಸ್ಟ್ಯಾಂಡಿಗೆ ಹೋಗಿ ಬೇವಿನ ಗಿಡದ ತಳಗ ಬಾಕಿನ ಮ್ಯಾಲ ಕುಂತೆ. ಎಲ್ಲಾರೂ ಇದ್ರು. ಮಾಳಿಂಗ ಡೀಸೆಲ್ ರೇಟಿನ ಮಾತು ತಗದ. ನಾನೂ ಉತ್ತರ ಕೊಡಾಕತ್ತಿದ್ದೆ, ಅಷ್ಟು ನೆನಪೈತಿ. ಮುಂದಿನದು ಅವರು ಹೇಳಿದ್ದು. ಮಾತಿನ ನಡುವ ನನ್ನ ಗೋಣ ಎದಿ ಮ್ಯಾಲ ಬಿತ್ತಂತ. ಚಹಾದ ಗ್ಲಾಸು ಕೈಯಾಗ ಹಂಗ ಇತ್ತಂತ. ಗೊರಕಿ ಕೇಳಿ ಮೊದಲ ನಕ್ಕರು. ಆಮ್ಯಾಲ ಗೊರಕಿ ನಿಂತಿತು, ಉಸಿರೂ ನಿಂತಿತು. ಒಬ್ಬಾಂವ ಎಣಿಸಿದ, ಮೂವತ್ತರ ತನಕ. ನಗಿ ನಿಂತಿತು. ಚಹಾ ತೊಡಿ ಮ್ಯಾಲ ಚೆಲ್ಲಿತು, ಬಿಸಿ ಚಹಾ, ನಂಗ ಎಚ್ಚರಿಲ್ಲ.

ಕಣ್ಣ ತಗದಾಗ ಮಾಳಿಂಗ ನನ್ನ ಎರಡೂ ಭುಜಾ ಹಿಡದು ಅಲಗಾಡಸಾಕತ್ತಿದ್ದ. ಅವನ ಮಾರಿ ಬೆಳ್ಳಗಾಗಿತ್ತು. ‘ಕಾಕಾ, ಅವತ್ತೂ ಹಿಂಗ ಆಗಿತ್ತೇನು?’ ಅಂದ.

‘ಹೂಂ’ ಅಂದೆ.

ನಾ ಎದ್ದು ಮನಿಗೆ ಬಂದೆ. ಯಾರೂ ಹಿರಿ ಜೀವ ಅನ್ನಲಿಲ್ಲ, ಯಾರೂ ಚಹಾ ಕುಡಿ ಅನ್ನಲಿಲ್ಲ. ನಾಳಿಂದ ಆ ಬಾಕಿನ ಮ್ಯಾಲ ನನಗ ಜಾಗಾ ಇರೂದಿಲ್ಲ.

ಸುದ್ದಿ ಇಂಡಿಗೂ ಮುಟ್ಟೇತಿ. ಸುಗ್ರಾ ತನ್ನ ತಂಗಿ ಮಗಳ ಕಡಿಂದ ಫೋನ ಮಾಡಿಸಿದ್ದಳು. ‘ಮಾಸ್ಕ ಹಾಕ್ಕೊಂಡು ಮಲಗು ಅಂತ ಹೇಳ್ಯಾಳ ನೋಡ್ರಿ ದೊಡ್ಡಪ್ಪ.’ ‘ಯಾವಾಗ ಬರತಾಳ?’ ಅಂದೆ. ‘ಅದನ್ನ ಹೇಳಿಲ್ರಿ’ ಅಂತು ಪೋರಿ.

ಪಟ್ಟಿ ಮೊದಲ ಕೂಡಿಸಿ ಟೊಪಗಿ ಹಾಕ್ಕೊಂಡಂಗ ತಲಿ ತೂರಿಸ್ತೇನಿ ಈಗ. ಕಿವಿ ಹರೀತಾವ. ಆದ್ರೂ ಆಗತೈತಿ.

ಬಂದೇನವಾಜ

*

ಮುದ್ದೇಬಿಹಾಳ
೨೭ ಏಪ್ರಿಲ್

ಬಂದೇನವಾಜ,

ಹದಿಮೂರು ದಿನಾ ಮಾಸ್ಕ ಬಿಟ್ಟು ಮಲಗಿದಿ ಅಂದ್ರ ನಿನ್ನಂಥ ಹುಚ್ಚ ಈ ಜಿಲ್ಲಾದಾಗ ಇಲ್ಲ. ನಿದ್ದ್ಯಾಗ ಸತ್ತಿದ್ರ ಆ ಖರೆ ಮಾತನ್ನ ಯಾರು ನಂಬತಿದ್ರು? ನನ್ನ ಹೆಸರಿಗೆ ಇನ್ನೊಂದು ಹೆಣಾ ಕೂಡತಿತ್ತು. ಇನ್ನೊಮ್ಮೆ ಹಿಂಗ ಮಾಡಿದ್ರ ನಾನ ಬಂದು ಹೊಡೀತೇನಿ.

ಸಾಲಿ ಬಸ್ಸಿನ ಕೆಲಸ ಹೋತು. ಈದ್ ಮುಂಚೆ ತಾಳಿಕೋಟಿಯವನಿಗೆ ಕೊಟ್ಟಾರ, ಎರಡು ವರ್ಷಕ್ಕ ಬರಕೊಟ್ಟಾರ. ಹನೀಫರು ಸ್ಟ್ಯಾಂಡಿನ ಸುದ್ದಿ ಕೇಳಿ ಮೊನ್ನೆ ಅಂಗಡಿ ಮುಂದ ಬಂದು ನಿಂತ್ರು. ‘ತಪ್ಪಾತು’ ಅಂದ್ರು. ನಾ ಪಂಪಸೆಟ್ ಬಿಚ್ಚಾಕತ್ತಿದ್ದೆ. ‘ಆತ್ರಿ’ ಅಂದು ಬಿಚ್ಚೂದು ಮುಂದುವರಿಸಿದೆ. ನೀ ಫೆಬ್ರುವರ್ಯಾಗ ಬಾಯಿ ತಗದಿದ್ರ ಆ ಮೂರು ಬಸ್ಸು ಇವತ್ತ ನನ್ನ ಅಂಗಳದಾಗ ಇರತಿದ್ದವು. ಇದು ನಿನಗ ಗೊತ್ತಿರಲಿ ಅಂತ ಬರದೇನಿ.

ಮಾಫ ಮಾಡೇನಿ ಅಂತ ಬರಿಯಾಕ ಕುಂತಿದ್ದೆ. ಪೆನ್ನು ಮುಂದ ಹೋಗಲಿಲ್ಲ. ಸುಳ್ಳ ಬರಿಯೂದಿಲ್ಲ.

ಇನ್ನೊಂದು ಸುದ್ದಿ. ಶುಕ್ರವಾರ ಮಾಳಿಂಗ ಬಂದಿದ್ದ. ಸಿಂದಗಿಯಿಂದ ಟೆಂಪೋ ತೊಗೊಂಡು, ದಾರ್‍ಯಾಗ ಎಷ್ಟು ಮೆಕ್ಯಾನಿಕ್‌ಗೋಳನ್ನ ದಾಟಿ. ಮಾರಿ ನೋಡಲಿಲ್ಲ, ಗಾಲಿ ನೋಡ್ಕೋತ ನಿಂತು, ‘ಬ್ರೇಕ್ ಪೆಡಲ್ ಒಳಗ ಹೋಗತೈತಿ, ನೋಡ್ತಿ ಏನು?’ ಅಂದ. ‘ಬಿಚ್ಚಬೇಕಾಗತೈತಿ, ಹೊತ್ತು ಹಿಡೀತೈತಿ’ ಅಂದೆ. ‘ಹಿಡೀಲಿ’ ಅಂದ.

ನಾಕೂ ಗಾಲಿ ಬಿಚ್ಚಿದೆ. ನಾಕು ವರ್ಷದ ಮ್ಯಾಲ ಬ್ರೇಕ್ ಎಣ್ಣಿ ಕೈಗೆ ಹತ್ತಿತು. ಪ್ರತಿ ನಟ್ಟು ಎರಡೆರಡು ಸಲ ನೋಡಿದೆ. ಸಂಜಿಗೆ ಮುಗೀತು. ‘ನೀನ ಹೊಡದು ನೋಡು, ಖಾಲಿ ಗಾಡಿ ಒಂದು ಸುತ್ತು’ ಅಂದೆ. ಅಂವ ಬ್ಯಾಡ ಅಂತ ತಲಿ ಅಲಗಾಡಿಸಿದ. ಎದುರಿನ ಹೋಟೆಲಿನ್ಯಾಗ ಅವನ ಹೇಣ್ತಿ ಎರಡು ಕೂಸು ಕರಕೊಂಡು ಕುಂತಿದ್ದಳು, ನಾ ನೋಡಿರಲಿಲ್ಲ. ಅವರನ್ನ ಕರದ. ಹೇಣ್ತಿನ್ನ ಬಾಜೂಕ ಕೂಡಿಸಿದ, ಕೂಸುಗಳನ್ನ ಅಕಿ ತೊಡಿ ಮ್ಯಾಲ. ಸ್ಟಾರ್ಟ್ ಮಾಡಿದ. ನನ್ನ ಕಡೆ ಒಂದು ಸಲ ನೋಡಿದ, ಆಲಮಟ್ಟಿ ರಸ್ತೆ ಹಿಡದ.

ಜೈನುದ್ದೀನ